ಪ್ರವಾಸ ಸಾಹಿತ್ಯದಲ್ಲಿ ಬೀಡು

ಗುಂಡ್ಲುಪೇಟೆ ತಾಲೂಕಿನಲ್ಲಿ ಭೀಮನಬೀಡು ಎಂಬ ಊರೊಂದಿದೆ. ಈ ಹೆಸರಿನಲ್ಲಿ ನನ್ನ ಆಸಕ್ತಿ ಭೀಮನ ಮೇಲಲ್ಲ, ಬೀಡಿನ ಮೇಲೆ. ‘ಬಿಡು’ ಎಂಬ ಧಾತುವಿನಿಂದ ಹುಟ್ಟಿದ ಮಾತು ಅದು. ನೊಗ ಇಳಿಸಿ, ಎತ್ತಿನ ಕೊರಳು ಬಿಚ್ಚಿ, ತಲೆಹೊರೆಯನ್ನು ನೆಲಕ್ಕಿಟ್ಟು, ನಡೆಯನ್ನು ಬಿಟ್ಟ ಎಡೆಯೇ ಬೀಡು. ದಂಡು ಇಳಿದದ್ದು ಬೀಡು. ಮದುವೆಯ ದಿಬ್ಬಣ ಇಳಿದ ಮನೆ ಬಿಡದಿ. ಇವಲ್ಲದೆ ಛತ್ರ, ಅರವಟ್ಟಿಗೆ, ಜಗಲಿ, ಅರಳಿಕಟ್ಟೆ. ನಿಲ್ಲುವುದಕ್ಕೆ ಇಷ್ಟೊಂದು ಹೆಸರುಗಳನ್ನಿಟ್ಟುಕೊಂಡ ಭಾಷೆಯಲ್ಲಿ, ನಿಂತವರ ಸಾಹಿತ್ಯ ಎಷ್ಟಿದೆ? ನಮ್ಮ ಆಧುನಿಕ ಪ್ರವಾಸ ಕಥನಗಳನ್ನು ಈ ಪ್ರಶ್ನೆಯೊಡನೆ ಓದಿದವನಿಗೆ ಸಿಕ್ಕುವ ಉತ್ತರ ಅಷ್ಟೇನೂ ಉತ್ಸಾಹ ತರುವಂಥದಲ್ಲ. ಹೊರಟವರ ವರ್ಣನೆಯುಂಟು, ತಲುಪಿದವರ ಉದ್ಗಾರವುಂಟು. ನಡುವೆ ತಂಗಿದವರ ಮಾತು ವಿರಳ.

ಈ ಪ್ರಶ್ನೆ ನನ್ನನ್ನು ಹಿಡಿದದ್ದು ಒಂದು ಇಂಗ್ಲಿಷ್ ಪುಸ್ತಕದಿಂದ. ಎಲ್. ಟಿ. ಸಿ. ರೋಲ್ಟ್ ಎಂಬಾತ ಬರೆದ ‘ನ್ಯಾರೋ ಬೋಟ್’ 1944ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಒಳನಾಡಿನ ಕಾಲುವೆಗಳಲ್ಲಿ ಓಡಾಡುವ ಉದ್ದನೆಯ, ಇಕ್ಕಟ್ಟಾದ ದೋಣಿಗೆ ಆ ಹೆಸರು. ಅದರ ಅಗಲ ಸುಮಾರು 7 ಅಡಿ. ಉದ್ದವೋ 70 ಅಡಿಯವರೆಗೂ ಇರಬಹುದು. ಇಂಥ ವಿಚಿತ್ರ ಆಕಾರಕ್ಕೆ ಕಾರಣ ಕಾಲುವೆಯದೇ. ನೆಲದ ಏರುತಗ್ಗುಗಳನ್ನು ದಾಟಿಸಲು ಅಲ್ಲಲ್ಲಿ ‘ಲಾಕ್’ ಎಂಬ ಬಾಗಿಲುಳ್ಳ ತೊಟ್ಟಿಗಳನ್ನು ಕಟ್ಟಿರುತ್ತಾರೆ. ದೋಣಿ ಒಳಗೆ ಬಂದಮೇಲೆ ಬಾಗಿಲು ಮುಚ್ಚಿ, ನೀರು ತುಂಬಿ ಅಥವಾ ಇಳಿಸಿ, ಮುಂದಿನ ಮಟ್ಟಕ್ಕೆ ಬಿಡುತ್ತಾರೆ. 18ನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಕಾಲುವೆ ನಿರ್ಮಾಪಕ ಆ ತೊಟ್ಟಿಗಳನ್ನು ಕಿರಿದಾಗಿ ಕಟ್ಟಿಸಿದ. ದೋಣಿಗಳು ಅದಕ್ಕೆ ಒಗ್ಗಿಕೊಂಡವು. ಕಲ್ಲಿದ್ದಲು, ಮಡಕೆ, ಧಾನ್ಯ ಇವುಗಳನ್ನು ಹೊತ್ತ ದೋಣಿಯನ್ನು ದಡದ ಮೇಲೆ ನಡೆಯುವ ಕುದುರೆ ಹಗ್ಗದಿಂದ ಎಳೆಯುತ್ತಿತ್ತು. ರೈಲು ಬಂತು, ಲಾರಿ ಬಂತು, ಕಾಲುವೆಗಳು ಹೂಳು ತುಂಬತೊಡಗಿದವು. ಅಂಥ ಕಾಲದಲ್ಲಿ, 1939ರ ಜುಲೈ ತಿಂಗಳಲ್ಲಿ, ರೋಲ್ಟ್ ತನ್ನ ಹೆಂಡತಿಯೊಡನೆ ಬ್ಯಾನ್‌ಬರಿ ಎಂಬ ಊರಿನಿಂದ ‘ಕ್ರೆಸ್ಸಿ’ ಎಂಬ ದೋಣಿಯನ್ನೇ ಮನೆ ಮಾಡಿಕೊಂಡು ಹೊರಟ. ಎರಡು ತಿಂಗಳು ಕಳೆಯುವುದರೊಳಗೆ ಮಹಾಯುದ್ಧ ಶುರುವಾಯಿತು.

ಪುಸ್ತಕದಲ್ಲಿ ಘಟನೆಗಳೆಂದು ಹೇಳಿಕೊಳ್ಳುವಂಥವು ಕಡಿಮೆ. ದೋಣಿ ಸಾಗುತ್ತದೆ, ಸಂಜೆಯಾದಾಗ ದಡದ ಗೂಟಕ್ಕೆ ಹಗ್ಗ ಕಟ್ಟುತ್ತಾರೆ, ಹತ್ತಿರದ ಹಳ್ಳಿಯ ಪಬ್ಬಿಗೆ ನಡೆದುಹೋಗುತ್ತಾರೆ. ಪಬ್ಬೆಂದರೆ ‘ಪಬ್ಲಿಕ್ ಹೌಸ್’: ಸಾರ್ವಜನಿಕರ ಮನೆ. ನಮ್ಮ ಪೇಟೆಗಳ ಬಾರಿನ ಮಂದ ಬೆಳಕನ್ನು ನೆನೆದು ಇದನ್ನು ಊಹಿಸಬಾರದು. ಒಲೆಯ ಮುಂದೆ ಹಳೆಯ ಬೆಂಚು, ಒಂದು ಲೋಟ ಬೀರು, ಊರಿನ ಮುದುಕರು, ಬೆಳೆಯ ಮಾತು, ಸತ್ತವರ ಮಾತು. ಕಾಲುವೆಯ ಸೇತುವೆಗಳ ಪಕ್ಕದಲ್ಲಿ, ಲಾಕುಗಳ ಬಳಿಯಲ್ಲಿ ಇಂಥ ಮನೆಗಳು ಹುಟ್ಟಿಕೊಂಡದ್ದು ದೋಣಿಯವರಿಂದಲೇ. ಕೆಲವಕ್ಕೆ ಕುದುರೆ ಕಟ್ಟುವ ಲಾಯವೂ ಇರುತ್ತಿತ್ತು. ರೋಲ್ಟನ ಪುಸ್ತಕದ ಜೀವವಿರುವುದು ಇಂಥ ಸಂಜೆಗಳಲ್ಲಿ.

ಆತನ ಯಶಸ್ಸಿಗೆ ಕಾರಣವೇನೆಂದು ಯೋಚಿಸಿದರೆ ಅದು ಶೈಲಿಗಿಂತ ಹೆಚ್ಚಾಗಿ ವೇಗದ ಪ್ರಶ್ನೆಯೆಂದು ತೋರುತ್ತದೆ. ಕಾಲುವೆಯ ದೋಣಿ ಗಂಟೆಗೆ 4 ಮೈಲಿಗಿಂತ ಜೋರಾಗಿ ಹೋಗುವಂತಿಲ್ಲ. ಹೋದರೆ ಅಲೆಯ ಹೊಡೆತಕ್ಕೆ ದಡ ಕುಸಿಯುತ್ತದೆ. ಮನುಷ್ಯ ನಡೆಯುವ ವೇಗವೇ ಅದು. ಆ ವೇಗದಲ್ಲಿ ಹೋಗುವವನಿಗೆ ದೃಶ್ಯಗಳು ಸಾಲಾಗಿ ಓಡುವುದಿಲ್ಲ. ಒಂದೊಂದೇ ಬಂದು ಪರಿಚಯ ಹೇಳಿಕೊಂಡು ಹೋಗುತ್ತವೆ. ವಾಕ್ಯಗಳಿಗೂ ಅದೇ ನಡಿಗೆ ಬರುತ್ತದೆ. ರೋಲ್ಟ್ ಎಂಜಿನಿಯರ್ ಆಗಿ ತರಬೇತಾದವನು. ಮುಂದೆ ಬ್ರೂನೆಲ್, ಟೆಲ್ಫರ್ಡ್‌ರಂಥ ಮಹಾ ಎಂಜಿನಿಯರುಗಳ ಜೀವನಚರಿತ್ರೆ ಬರೆದವನು. ಯಂತ್ರವನ್ನು ಬಲ್ಲವನು ನಿಧಾನವನ್ನು ಆರಿಸಿಕೊಂಡನೆಂಬುದರಿಂದಲೇ ಆ ಮಾತಿಗೆ ತೂಕ. ಪುಸ್ತಕದ ಪರಿಣಾಮವೂ ಸಣ್ಣದಲ್ಲ. ಅದನ್ನು ಓದಿ ಮೆಚ್ಚಿದ ರಾಬರ್ಟ್ ಏಕ್‌ಮನ್ ಎಂಬ ಲೇಖಕ ರೋಲ್ಟನಿಗೆ ಕಾಗದ ಬರೆದ. ಇಬ್ಬರೂ ಇನ್ನೂ ಕೆಲವರೊಡನೆ ಸೇರಿ 1946ರಲ್ಲಿ ಒಳನಾಡಿನ ಜಲಮಾರ್ಗಗಳ ಸಂಘವನ್ನು ಕಟ್ಟಿದರು. ಮುಚ್ಚಿಹೋಗಬೇಕಾಗಿದ್ದ ಎಷ್ಟೋ ಕಾಲುವೆಗಳು ಇಂದು ವಿಹಾರದ ದೋಣಿಗಳಿಂದ ತುಂಬಿರುವುದಕ್ಕೆ ಆ ಚಳವಳಿಯೂ ಒಂದು ಕಾರಣ. ಒಂದು ಪ್ರವಾಸ ಕಥನ ತಾನು ಪಯಣಿಸಿದ ದಾರಿಯನ್ನೇ ಉಳಿಸಿತೆಂದರೆ ಸಾಹಿತ್ಯಕ್ಕೆ ಅದಕ್ಕಿಂತ ಬೇರೆ ಬಿರುದು ಬೇಕೆ?

ಆದರೂ ಈ ಪುಸ್ತಕವನ್ನು ಪೂರ್ತಿಯಾಗಿ ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ರೋಲ್ಟ್ ಆ ದೋಣಿಯ ಬದುಕನ್ನು ಆರಿಸಿಕೊಂಡವನು; ಅದರಲ್ಲೇ ಹುಟ್ಟಿದವನಲ್ಲ. ಸರಕಿನ ದೋಣಿಯ ಹಿಂಬದಿಯ ಪುಟ್ಟ ಗೂಡಿನಲ್ಲಿ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಬಾಳುತ್ತಿದ್ದರು. ಒಂದೆಡೆ ನಿಲ್ಲದ ಮಕ್ಕಳಿಗೆ ಶಾಲೆಯಿರಲಿಲ್ಲ. ಅವರ ದುಃಸ್ಥಿತಿಯನ್ನು ಕಂಡು ಜಾರ್ಜ್ ಸ್ಮಿತ್ ಎಂಬ ಸುಧಾರಕ ಹೋರಾಡಿದಮೇಲೆ 1877ರಲ್ಲಿ, ಮತ್ತೆ 1884ರಲ್ಲಿ, ಕಾಲುವೆ ದೋಣಿಗಳ ಕಾಯಿದೆಗಳು ಬಂದವು. ದಡದ ಜನ ದೋಣಿಯವರನ್ನು ಕೀಳಾಗಿ ಕಾಣುತ್ತಿದ್ದರು. ಇನ್ನು ‘ಸಾರ್ವಜನಿಕರ ಮನೆ’ಯೊಳಗೂ ಒಂದು ಗೋಡೆಯಿತ್ತು: ಕೂಲಿಯವರಿಗೆ ‘ಪಬ್ಲಿಕ್ ಬಾರ್’, ಮರ್ಯಾದಸ್ಥರಿಗೆ ಮೆತ್ತೆ ಹಾಸಿದ ‘ಸಲೂನ್ ಬಾರ್’. ರೋಲ್ಟನಿಗೆ ದೋಣಿಯವರ ಮೇಲೆ ನಿಜವಾದ ಗೌರವವಿದೆ, ಅವರ ಕಸುಬಿನ ಜಾಣ್ಮೆಯನ್ನೂ ದೋಣಿಯ ಮೇಲೆ ಅವರು ಬಿಡಿಸುವ ಗುಲಾಬಿ, ಕೋಟೆಗಳ ಚಿತ್ರಗಳನ್ನೂ ಪ್ರೀತಿಯಿಂದ ಬಣ್ಣಿಸುತ್ತಾನೆ. ಆದರೆ ಪಬ್ಬಿನ ಹೊಸ್ತಿಲು ಅವನ ಕಣ್ಣಿಗೆ ಬೀಳುವುದು ಕಡಿಮೆ. ಯಾವ ಬಾಗಿಲೂ ತನ್ನ ಮುಂದೆ ಮುಚ್ಚಿಕೊಳ್ಳದವನಿಗೆ ಹೊಸ್ತಿಲು ಕಾಣುವುದಾದರೂ ಹೇಗೆ?

ಇದೇ ದಾರಿಯ ಇನ್ನೊಂದು ಪುಸ್ತಕದಲ್ಲಿ ಆ ಹೊಸ್ತಿಲು ಒಮ್ಮೆ ಕಂಡಿದೆ. ಆರ್. ಎಲ್. ಸ್ಟೀವನ್ಸನ್ 1876ರಲ್ಲಿ ಗೆಳೆಯನೊಬ್ಬನೊಡನೆ ಎರಡು ಪುಟ್ಟ ದೋಣಿಗಳಲ್ಲಿ ಬೆಲ್ಜಿಯಂ, ಫ್ರಾನ್ಸುಗಳ ಕಾಲುವೆ ಹೊಳೆಗಳಲ್ಲಿ ಸಾಗಿದ. 1878ರಲ್ಲಿ ‘ಆ್ಯನ್ ಇನ್‌ಲ್ಯಾಂಡ್ ವಾಯೇಜ್’ ಬಂತು. ಲ ಫೆರ್ ಎಂಬ ಊರಿನಲ್ಲಿ, ನೆನೆದ ಬಟ್ಟೆಯಲ್ಲಿ ಬಂದ ಇವರನ್ನು ಗಂಟು ಹೊತ್ತು ತಿರುಗುವ ವ್ಯಾಪಾರಿಗಳೆಂದು ತಿಳಿದು ಹೋಟೆಲಿನಾಕೆ ಹೊರಗಟ್ಟುತ್ತಾಳೆ. ಒಳಗೆ ಊಟದ ಪರಿಮಳ, ಹೊರಗೆ ಮಳೆ. ಇಡೀ ಪುಸ್ತಕದಲ್ಲಿ ನನಗೆ ಮರೆಯಲಾಗದ ಭಾಗ ಇದೇ. ಸುಖವಾಗಿ ಬೆಳೆದ ತರುಣನೊಬ್ಬ ಒಂದು ರಾತ್ರಿಯ ಮಟ್ಟಿಗೆ, ಬಾಗಿಲ ಹೊರಗೆ ನಿಂತವರ ಕಡೆಯಿಂದ ಲೋಕವನ್ನು ನೋಡುತ್ತಾನೆ. ಅಲ್ಲಿ ವಿನೋದದ ಹಿಂದೆ ನಿಜವಾದ ಸಿಟ್ಟಿದೆ. ತಂಗುವುದನ್ನು ಕುರಿತು ಬರೆಯುವವರೆಲ್ಲರಿಗೂ ಇದೊಂದು ಒರೆಗಲ್ಲು: ಬೀಡಿನ ಸುಖವನ್ನಷ್ಟೇ ಕಂಡೆಯೋ, ಬೀಡು ಸಿಗದವನನ್ನೂ ಕಂಡೆಯೋ?

ಈಗ ಕನ್ನಡದ ಕಡೆ ತಿರುಗೋಣ. ಕಾಲುವೆಗಳು ನಮ್ಮಲ್ಲಿಲ್ಲವೆಂದಲ್ಲ. ಕಾವೇರಿಯ ಬಯಲಿನಲ್ಲಿ ಚಿಕ್ಕದೇವರಾಜ ನಾಲೆಯಿದೆ, ವಿರಿಜಾ ನಾಲೆಯಿದೆ, ವಿಶ್ವೇಶ್ವರಯ್ಯ ನಾಲೆಯಿದೆ. ಆದರೆ ಅವು ನೀರನ್ನು ಗದ್ದೆಗೆ ಒಯ್ಯುವ ನಾಲೆಗಳು, ಮನುಷ್ಯನನ್ನು ಊರಿಗೆ ಒಯ್ಯುವಂಥವಲ್ಲ. ಗುಂಡ್ಲುಪೇಟೆಯ ಕಡೆಯ ಬೆದ್ದಲು ಸೀಮೆಗೆ ಆ ಭಾಗ್ಯವೂ ಇರಲಿಲ್ಲ. ಈಚಿನ ವರ್ಷಗಳಲ್ಲಿ ಕಬಿನಿಯ ನೀರನ್ನು ಎತ್ತಿ ಕೊಳವೆಗಳಲ್ಲಿ ತಂದು ಕೆಲವು ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಕರಾವಳಿಯನ್ನು ಬಿಟ್ಟರೆ ನಮ್ಮ ದೋಣಿಯ ಅನುಭವವೆಲ್ಲ ಹೊಳೆ ದಾಟುವುದಕ್ಕೆ ಸಂಬಂಧಿಸಿದ್ದು. ಅವರ ದೋಣಿಯವನು ನೀರಿನ ಉದ್ದಕ್ಕೆ ಸಾಗುತ್ತಾನೆ. ನಮ್ಮ ಅಂಬಿಗ ಹರಿಗೋಲಿನಲ್ಲಿ ಅಡ್ಡ ದಾಟಿಸುತ್ತಾನೆ. ಉದ್ದಕ್ಕೆ ಸಾಗುವವನಿಗೆ ನಡುವೆ ತಂಗಲೇಬೇಕು. ಅಡ್ಡ ದಾಟುವವನಿಗೆ ಎರಡೇ ದಡ, ಈಚೆಯದು ಮತ್ತು ಆಚೆಯದು.

ಈ ಭೇದ ನಮ್ಮ ಕಾವ್ಯದ ಕಲ್ಪನೆಯನ್ನೇ ರೂಪಿಸಿದೆಯೆಂದು ನನ್ನ ಎಣಿಕೆ. ಎರಡೇ ದಡವಿರುವಲ್ಲಿ ಈಚೆಯ ದಡ ಇಹವಾಗುತ್ತದೆ, ಆಚೆಯದು ಪರವಾಗುತ್ತದೆ, ಹೊಳೆ ಭವಸಾಗರವಾಗುತ್ತದೆ. ದಾಸರು ಅಂಬಿಗನನ್ನು ಕರೆದಾಗ ಆತ ದೇವರಾಗುತ್ತಾನೆ. 12ನೆಯ ಶತಮಾನದ ಅಂಬಿಗರ ಚೌಡಯ್ಯ ನಿಜವಾಗಿಯೂ ಅಂಬಿಗನ ಕಾಯಕದವನು, ತನ್ನ ಹೆಸರನ್ನೇ ಅಂಕಿತವಾಗಿ ಬಳಸಿದ ನಿರ್ಭೀತ ವಚನಕಾರ. ಡಾಂಭಿಕರನ್ನು ಆತ ಝಾಡಿಸುವ ಮಾತಿನಲ್ಲಿ ಹೊಳೆಯ ದಡದ ಬಿಸಿಲಿನ ಖಾರವಿದೆ. ಆದರೆ ಆತನ ಹರಿಗೋಲನ್ನು ಹತ್ತಿದ ಜನ ಯಾರು, ಯಾವ ಊರಿನವರು, ಏನು ಮಾತಾಡಿಕೊಂಡರು ಎಂದು ತಿಳಿಯಲು ನಾವು ವಚನಕ್ಕೆ ಹೋಗುವುದಿಲ್ಲ. ಅದು ವಚನದ ದೋಷವಲ್ಲ. ಅದರ ಗುರಿ ಬೇರೆ.

ಹೆಂಡದಂಗಡಿಯ ಗತಿಯೂ ಹೀಗೆಯೆ. ಅದೇ ಶರಣರ ಕೂಟದಲ್ಲಿ ಹೆಂಡದ ಮಾರಯ್ಯನಿದ್ದ. ಹೆಂಡ ಮಾರುವುದೇ ಆತನ ಕಾಯಕ. ದೊರೆತಿರುವ ಆತನ ಕೆಲವೇ ವಚನಗಳಲ್ಲಿ ಕಸುಬಿನ ಮಾತುಗಳು ತತ್ತ್ವದ ಮಾತುಗಳಾಗಿ ಮಾರ್ಪಡುತ್ತವೆ. ಅಂಬಿಗನೂ ಹೆಂಡ ಮಾರುವವನೂ ಒಂದೇ ಕಾಲದಲ್ಲಿ ವಚನಕಾರರಾದದ್ದು ಜಗತ್ತಿನ ಸಾಹಿತ್ಯದಲ್ಲೇ ಅಪರೂಪದ ಸಂಗತಿ, ನಾವು ಹೆಮ್ಮೆಪಡಬೇಕಾದದ್ದು. ಆದರೆ ಆಮೇಲಿನ ಶತಮಾನಗಳ ಶಿಷ್ಟ ಸಾಹಿತ್ಯ ಆ ಇಬ್ಬರನ್ನೂ ಬಹುಮಟ್ಟಿಗೆ ಸಂಕೇತಗಳನ್ನಾಗಿ ಉಳಿಸಿಕೊಂಡು ಮನುಷ್ಯರನ್ನು ಕೈಬಿಟ್ಟಿತು. ಹೆಂಡದಂಗಡಿ ಮತ್ತೆ ಮನುಷ್ಯರ ಎಡೆಯಾಗಿ ಕನ್ನಡ ಕಾವ್ಯಕ್ಕೆ ಬರಲು 20ನೆಯ ಶತಮಾನದ ಜಿ. ಪಿ. ರಾಜರತ್ನಂ ಬೇಕಾದರು. ‘ರತ್ನನ ಪದಗಳು’ ಕುಡಿಯದ ಕವಿ ಬರೆದ ಕುಡುಕನ ಪದಗಳು. ಅಲ್ಲಿಯ ರತ್ನನಿಗೆ ಹೆಂಡವೂ ಬೇಕು, ಹೆಂಡತಿ ನಂಜಿಯೂ ಬೇಕು, ಕನ್ನಡವೂ ಬೇಕು. ಮಡಿಕೇರಿಯ ಮಂಜನ್ನು ನಿಂತು ನೋಡುವ ಕಣ್ಣೂ ಅವನಿಗಿದೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ ಬಗನಿ ಮರದ ಕಳ್ಳು ಮಲೆನಾಡಿನ ದಿನದ ಬದುಕಿನ ಭಾಗವಾಗಿಯೇ ಬರುತ್ತದೆ. ಪದ್ಯಕ್ಕೆ, ಕಾದಂಬರಿಗೆ ಬಂದದ್ದು ಪ್ರವಾಸ ಕಥನಕ್ಕೆ ಮಾತ್ರ ಬರಲಿಲ್ಲ.

ನಮ್ಮ ಪ್ರವಾಸಿಗಳು ಸಾಮಾನ್ಯರಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಾಳು ಹಂಪೆಯ ಮುಂದೆ ನಿಂತ ಸಂಸ್ಕಾರವಂತ ಮನಸ್ಸಿನ ಧ್ಯಾನ. ಗೋಕಾಕರ ‘ಸಮುದ್ರದಾಚೆಯಿಂದ’ದಲ್ಲಿ ಪಶ್ಚಿಮದ ನಾಗರಿಕತೆಯನ್ನು ಎದುರಿಸುವ ಕವಿಬುದ್ಧಿಯಿದೆ. ಕಾರಂತರ ‘ಅಪೂರ್ವ ಪಶ್ಚಿಮ’ದಲ್ಲಿ ಯಾರ ಮುಲಾಜಿಗೂ ಒಳಗಾಗದ ಕಣ್ಣಿದೆ. ಇವೆಲ್ಲ ನಮ್ಮ ಗದ್ಯದ ಆಸ್ತಿ. ಆದರೆ ಇಲ್ಲಿ ಪ್ರವಾಸಿಯ ಸಂವಾದ ಹೆಚ್ಚಾಗಿ ಸ್ಮಾರಕಗಳೊಡನೆ, ಕಲೆಯೊಡನೆ, ವಿಚಾರಗಳೊಡನೆ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಮಾತ್ರ ಸ್ವಲ್ಪ ಬೇರೆ. ಹೇಮಾವತಿಯ ದಡದ ಹಳ್ಳಿಗ ಅಮೆರಿಕಕ್ಕೆ ಹೋದರೂ ಮನಸ್ಸಿನಲ್ಲಿ ತನ್ನ ಜಗಲಿಯನ್ನು ಜೊತೆಗೇ ಒಯ್ಯುತ್ತಾನೆ. ಅದರ ಮೇಲೆ ಕುಳಿತೇ ಆ ದೇಶವನ್ನು ಮಾತಾಡಿಸುತ್ತಾನೆ. ಆ ಪುಸ್ತಕದ ಜನಪ್ರಿಯತೆಯ ಗುಟ್ಟು ಅದೇ ಇರಬೇಕು.

ಇದಕ್ಕೊಂದು ಸಾಮಾಜಿಕ ಕಾರಣವೂ ಉಂಟು. ನಮ್ಮ ಬರೆಯುವ ವರ್ಗದವರು ದಾರಿಯಲ್ಲಿ ತಂಗಿದ್ದು ನೆಂಟರ ಮನೆಯಲ್ಲಿ, ಮಠದಲ್ಲಿ, ಛತ್ರದಲ್ಲಿ, ಪ್ರವಾಸಿ ಮಂದಿರದಲ್ಲಿ. ಅಪರಿಚಿತರೊಡನೆ ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಪಾತ್ರೆಯಿಂದ ಬಡಿಸಿದ್ದನ್ನು ಉಣ್ಣುವ ‘ಸಾರ್ವಜನಿಕರ ಮನೆ’ ನಮ್ಮ ಹಳ್ಳಿಗಳಲ್ಲಿ ಬೆಳೆಯಲು ಜಾತಿ ಬಿಡಲಿಲ್ಲ. ಛತ್ರದಲ್ಲಿ ಪಂಕ್ತಿ ಬೇರೆ. ಎಷ್ಟೋ ಹಳ್ಳಿಯ ಹೋಟಲುಗಳಲ್ಲಿ ಒಳಗೆ ಕೂರುವವರ ಲೋಟ ಬೇರೆ, ಹೊರಗೆ ನಿಲ್ಲುವವರ ಲೋಟ ಬೇರೆ. ಹೆಂಡದಂಗಡಿಯಲ್ಲಿ ಮಾತ್ರ ಈ ಕಟ್ಟು ಸ್ವಲ್ಪ ಸಡಿಲ. ಆದ್ದರಿಂದಲೇ ಏನೋ, ಮರ್ಯಾದಸ್ಥರು ಅತ್ತ ತಲೆಹಾಕಲಿಲ್ಲ. ಹೆಂಡ ಸಾರಾಯಿಗಳಿಂದ ಹಾಳಾದ ಮನೆಗಳ ಲೆಕ್ಕವನ್ನು ನಾನು ಮರೆತು ಹೇಳುತ್ತಿಲ್ಲ. ಅಂಗಡಿ ಬೇಡವೆಂದು ಬೀದಿಗಿಳಿದ ಹಳ್ಳಿಯ ಹೆಂಗಸರ ಸಂಕಟ ನಿಜವಾದದ್ದು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದರ ಹಿಂದೆ ಆ ಸಂಕಟದ ಭಾರವೂ ಇದೆ. ಆದುದರಿಂದ ಇಂಗ್ಲಿಷ್ ಪಬ್ಬಿನ ಹಿತವಾದ ಚಿತ್ರವನ್ನು ಇಲ್ಲಿಗೆ ಎತ್ತಿ ತಂದು ನೆಡುವುದು ಸುಳ್ಳಾಗುತ್ತದೆ. ನಮಗೆ ಬೇಕಾದದ್ದು ಪಬ್ಬಲ್ಲ, ತಂಗುವ ಗುಣ. ಅದರ ಜೊತೆಗೆ ಹೊಸ್ತಿಲನ್ನು ಕಾಣುವ ಕಣ್ಣು.

ಆ ಗುಣವೂ ಆ ಕಣ್ಣೂ ಒಟ್ಟಿಗಿರುವ ಕೃತಿ ನಮ್ಮಲ್ಲೇ ಇದೆ, ಅದೂ ಇದೇ ಚಾಮರಾಜನಗರದ ಸೀಮೆಯಲ್ಲಿ. ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ಮಂಟೇಸ್ವಾಮಿ ಕಾವ್ಯ ಅದು. ಕಾವ್ಯದ ಭಾಗಗಳಿಗೆ ‘ಸಾಲು’ ಎಂದು ಹೆಸರು. ಕಲ್ಯಾಣದ ಸಾಲು, ಹಲಗೂರು ಸಾಲು ಎಂದು ಊರುಗಳ ಮೇಲೆಯೇ ಕೆಲವು ಸಾಲುಗಳು ನಿಂತಿವೆ. ಸ್ವಾಮಿ ಕಲ್ಯಾಣದಿಂದ ಕಾವೇರಿಯ ಸೀಮೆಗೆ ಬರುತ್ತಾನೆ. ಹೋದ ಊರಿನಲ್ಲೆಲ್ಲ ಯಾರದೋ ಮನೆಯ ಮುಂದೆ ನಿಂತು ಏನನ್ನೋ ಕೇಳುತ್ತಾನೆ. ಹಲಗೂರಿನಲ್ಲಿ ಪಾಂಚಾಳರ ಕುಲುಮೆಯಿಂದ ಕಬ್ಬಿಣ ಬೇಕು. ಕೊಟ್ಟವರು, ಕೊಡದವರು, ಮೊದಲು ನಿರಾಕರಿಸಿ ಆಮೇಲೆ ಮಣಿದವರು: ಇವರ ಕಥೆಯೇ ಕಾವ್ಯ. ನಮ್ಮ ಮಲೆಯ ಮಾದೇಶ್ವರನ ಕಾವ್ಯವೂ ಹೀಗೆ ಸುತ್ತೂರು, ಕುಂತೂರುಗಳ ಮಠದಲ್ಲಿ ತಂಗಿ ಏಳುಮಲೆಯತ್ತ ಸಾಗುವ ಪಯಣದ ಕಾವ್ಯವೇ.

ಕಲ್ಯಾಣದ ಸಾಲಿನ ಮೊದಲ ದೃಶ್ಯವನ್ನು ನೆನೆಯಬೇಕು. ಬಸವಣ್ಣನ ಕಲ್ಯಾಣದಲ್ಲಿ ಸಾವಿರಾರು ಜಂಗಮರಿಗೆ ದಾಸೋಹ ನಡೆಯುತ್ತಿದೆ. ಪರಂಜ್ಯೋತಿ ಸ್ವರೂಪನೇ ಆದ ಸ್ವಾಮಿ, ಹೊಲೆಯರ ವೇಷದಲ್ಲಿ, ಸತ್ತ ಕರುವನ್ನೂ ಹೆಂಡದ ಕೊಡವನ್ನೂ ಹೊತ್ತು ಬಾಗಿಲಿಗೆ ಬರುತ್ತಾನೆ. ಬಾಗಿಲವರು ತಡೆಯುತ್ತಾರೆ. ಎಲ್ಲರಿಗೂ ತೆರೆದಿದೆಯೆಂದು ಹೆಸರಾದ ಮನೆ ಅದು; ಕಾವ್ಯ ಆ ಹೆಸರನ್ನು ಅದರ ಹೊಸ್ತಿಲಲ್ಲೇ ಪರೀಕ್ಷೆಗಿಡುತ್ತದೆ. ಹೆಂಡದ ಮಾರಯ್ಯನನ್ನು ಶರಣನೆಂದು ಒಪ್ಪಿದ ಕಲ್ಯಾಣದ ಬಾಗಿಲಲ್ಲಿ ಹೆಂಡದ ಕೊಡ ಹೊತ್ತವನೊಬ್ಬ ನಿಲ್ಲಬೇಕಾಯಿತೆಂಬ ವ್ಯಂಗ್ಯವನ್ನು ಹಾಡಿಕೊಂಡು ಬಂದವರು ಅಕ್ಷರ ಬಲ್ಲ ಕವಿಗಳಲ್ಲ, ಊರಾಚೆಯ ಕೇರಿಯ ಭಕ್ತರು. ಸ್ಟೀವನ್ಸನ್‌ನಿಗೆ ಒಂದು ಮಳೆಯ ರಾತ್ರಿ ದೊರೆತ ಅನುಭವ ಇವರಿಗೆ ತಲೆಮಾರುಗಳ ಬಾಳು. ಅದಕ್ಕೇ ಅವನಲ್ಲಿ ಅದು ಒಂದು ಅಧ್ಯಾಯವಾಯಿತು, ಇವರಲ್ಲಿ ಮಹಾಕಾವ್ಯದ ಮೊದಲ ಬಾಗಿಲಾಯಿತು. ರೋಲ್ಟನಲ್ಲಿ ನಾನು ಕಾಣದೆ ಹೋದದ್ದು ಇಲ್ಲಿ ಧಾರಾಳವಾಗಿದೆ.

ಈ ಪರಂಪರೆ ಹೊಸ ಗದ್ಯಕ್ಕೆ ಹರಿದುಬಂದದ್ದೂ ಉಂಟು. 1990ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಮನೆಮನೆಯ ದೀಪಗಳಾದ ಜೋತಮ್ಮಗಳು ರಾತ್ರಿ ಒಂದೆಡೆ ಕೂಡಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಯಾವ ಜಾತಿಯ ಮನೆಯ ದೀಪವೂ ಬರಬಹುದಾದ ಆ ಕೂಟವೇ ನಮ್ಮ ಸಾಹಿತ್ಯ ಕಂಡ ‘ಸಾರ್ವಜನಿಕರ ಮನೆ’. ಮನುಷ್ಯರಿಗೆ ಸಾಧ್ಯವಾಗದ್ದನ್ನು ಲೇಖಕ ದೀಪಗಳಿಗೆ ಕೊಡಬೇಕಾಯಿತು.

ಇಂದಿನ ಪ್ರವಾಸಿ ಇದನ್ನೆಲ್ಲ ಎಲ್ಲಿ ಕಂಡಾನು? ಮೈಸೂರಿನಿಂದ ಊಟಿಗೆ ಹೋಗುವ ಕಾರುಗಳು ಗುಂಡ್ಲುಪೇಟೆಯ ಬಳಿ ಮಳೆಗಾಲದ ಮೊದಲ ತಿಂಗಳುಗಳಲ್ಲಿ ನಿಲ್ಲುವುದುಂಟು. ಹೆದ್ದಾರಿಯ ಬದಿಯ ಹೊಲಗಳಲ್ಲಿ ಸೂರ್ಯಕಾಂತಿ ಅರಳಿರುತ್ತದೆ. ಹೂವಿನ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ, ಹೊರಡುತ್ತಾರೆ. ಹೊಲ ಯಾರದು, ಬಿತ್ತಿದ್ದು ಯಾವಾಗ, ಎಣ್ಣೆಗೆ ಎಷ್ಟು ಬೆಲೆ ಎಂಬ ಒಂದು ಮಾತಿಲ್ಲ. ಅದು ನಿಲುಗಡೆಯೇ ಹೊರತು ಬೀಡಲ್ಲ. ಆದರೆ ಅದೇ ಗುಂಡ್ಲುಪೇಟೆಯಲ್ಲಿ ನಿಜವಾದ ಬೀಡೊಂದು ದಿನವೂ ಬೀಳುತ್ತಿದೆ. ಬಂಡೀಪುರದ ಕಾಡಿನಲ್ಲಿ ಪ್ರಾಣಿಗಳ ಹಿತಕ್ಕಾಗಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಕೆಲವೇ ಬಸ್ಸುಗಳಿಗೂ ತುರ್ತು ವಾಹನಗಳಿಗೂ ವಿನಾಯಿತಿ. ವಯನಾಡಿನ ಕಡೆಗೋ ನೀಲಗಿರಿಯ ಕಡೆಗೋ ಹೊರಟ ಲಾರಿ ಹೊತ್ತು ಮೀರಿದರೆ ಗೇಟಿನ ಈಚೆ ಉಳಿಯಲೇಬೇಕು. ಮಲಯಾಳ, ತಮಿಳು, ಕನ್ನಡಗಳು ಒಂದೇ ಟೀ ಅಂಗಡಿಯ ಮುಂದೆ ಬೆಳಗಿಗೆ ಕಾಯುತ್ತವೆ. ಆನೆ ದಾಟಲೆಂದು ಮನುಷ್ಯ ತಂಗಿದ ಇಂಥ ಸ್ಥಳ ಬೇರೆಡೆ ಸುಲಭವಾಗಿ ಸಿಕ್ಕದು. ರೋಲ್ಟನ ಕೈಗೆ ಇದು ಸಿಕ್ಕಿದ್ದರೆ ಎರಡು ಅಧ್ಯಾಯ ಬರೆಯುತ್ತಿದ್ದ. ನೀಲಗಾರನ ಕೈಗೆ ಸಿಕ್ಕಿದ್ದರೆ, ಗೇಟಿನ ಮುಂದೆ ನಿಂತ ಕ್ಲೀನರ್ ಹುಡುಗನ ಹಸಿವಿನಿಂದ ಸಾಲು ಶುರುವಾಗುತ್ತಿತ್ತು.

ಕನ್ನಡದ ಪ್ರವಾಸ ಕಥನ ಮುಂದೆ ಬೆಳೆಯಬೇಕಾದರೆ ಈ ಎರಡೂ ಪಾಠಗಳು ಅದಕ್ಕೆ ಬೇಕು. ನಿಧಾನವೊಂದಿದ್ದರೆ ಸಾಲದು, ಬಿಡುವುಳ್ಳವನ ನಿಧಾನ ಬಹುಬೇಗ ವಿಲಾಸವಾಗಿಬಿಡುತ್ತದೆ. ಹೊಸ್ತಿಲ ಸಿಟ್ಟೊಂದಿದ್ದರೂ ಸಾಲದು. ಒಳಗಿನ ಒಲೆಯ ಬೆಚ್ಚಗಿನ ಬೆಳಕನ್ನು ಬಣ್ಣಿಸಲಾರದವನು ಹೊರಗಿನ ಚಳಿಯನ್ನೂ ಬಣ್ಣಿಸಲಾರ. ದೂರದ ದೇಶಗಳಿಗೆ ಹೋಗಿಬಂದು ಬರೆಯುವ ನಮ್ಮ ತರುಣ ಲೇಖಕರಲ್ಲಿ ಯಾರಾದರೊಬ್ಬರು ಒಮ್ಮೆ ಭೀಮನಬೀಡಿನಂಥ ಊರಿಗೆ ಬಸ್ಸಿನಲ್ಲಿ ಹೋಗಿ, ಎರಡು ಸಂಜೆ ಕಟ್ಟೆಯ ಮೇಲೆ ಕುಳಿತು, ಅಲ್ಲಿ ಕೂತವರನ್ನೂ ಕೂರದೆ ದೂರ ನಿಂತವರನ್ನೂ ಸಮನಾಗಿ ನೋಡಿ ಬರೆದರೆ ನಮ್ಮ ಗದ್ಯಕ್ಕೆ ಒಂದು ಹೊಸ ಸಾಲು ಸೇರುತ್ತದೆ.